ತೊಳೆದ ಲಾಯ

ಶೈಲೇಶನಿಗೆ ಜರ್ಮನ್ ಬರುತ್ತಿತ್ತು ಎಂದರೆ ಬರುತ್ತಿತ್ತು, ಬೇಕರಿಯಲ್ಲಿ ಬ್ರೆಡ್ಡು ಕೊಳ್ಳುವಷ್ಟು. ಅದರಾಚೆಗೆ ಮಾತು ಬೆಳೆಯಿತೆಂದರೆ ಅವನು ಹನ್ನೆರಡು ವರ್ಷದ ಮಗಳ ಮುಖ ನೋಡುತ್ತಿದ್ದ. ಡಾಕ್ಟರ ಹತ್ತಿರ ಅವಳೇ ಮಾತಾಡಬೇಕು, ಮನೆ ಮಾಲೀಕನ ಫೋನು ಬಂದರೆ ಅವಳೇ ಎತ್ತಬೇಕು. ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದರಿಂದ ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನಲ್ಲಿ ಅವನ ವರ್ಷಗಳು ಹೇಗೋ ದಾಟಿದ್ದವು. ಅಪ್ಪನಾದವನು ಮಗಳ ಬೆನ್ನ ಹಿಂದೆ ನಿಂತು ತಲೆಯಾಡಿಸುವುದು ಒಳಗೊಳಗೇ ಚುಚ್ಚುತ್ತಿತ್ತು. ಕ್ಲಾಸಿಗೆ ಸೇರಿ ಕಲಿಯೋಣವೆಂದರೆ ಮೈಗಳ್ಳತನ.

ಹಾಗಾಗಿ ಆ ಶನಿವಾರ ಮಗಳು ಭೂಮಿಕಾ ಜ್ವರ ಬಂದು ಮಲಗಿ, ಬ್ರೂನೋನ ಲಾಯದ ಲದ್ದಿ ಯಾರಾದರೂ ತೆಗೆಯಬೇಕಲ್ಲ ಎಂದು ಕಣ್ಣೀರು ಹಾಕಿದಾಗ ಅವನಿಗೆ ಮರುಕದ ಜೊತೆಗೆ ಸಣ್ಣದೊಂದು ಖುಷಿಯೂ ಆಯಿತು. ಈ ದೇಶದಲ್ಲಿ ಕೊನೆಗೂ ತನಗೆ ಗೊತ್ತಿರುವ ಕೆಲಸವೊಂದು ಸಿಕ್ಕಿತ್ತು.

ಬ್ರೂನೋ ಊರಂಚಿನ ಲಾಯದಲ್ಲಿದ್ದ ಮುದಿ ಕುದುರೆ. ಅದರ ಒಡತಿ ಫ್ರೌ ಕ್ಲೈನ್‌ಗೂ ವಯಸ್ಸಾಗಿ ಸೊಂಟ ಹಿಡಿದಿದ್ದರಿಂದ ವಾರದ ಕೊನೆಯಲ್ಲಿ ಅದರ ಆರೈಕೆಯೆಲ್ಲ ಭೂಮಿಕಾಳದು. ಶಾಲೆಯಲ್ಲಿ ಹೇಳಿಕೊಳ್ಳುವಂಥ ಗೆಳತಿಯರಿಲ್ಲದ ಹುಡುಗಿ ಅವಳು. ಏನಿದ್ದರೂ ಆ ಕುದುರೆಯ ಕುತ್ತಿಗೆಗೆ ಮುಖ ಒತ್ತಿ ಹೇಳಿಕೊಳ್ಳುತ್ತಿದ್ದಳು. ಹೆಂಡತಿ ಪವಿ ಆಫೀಸಿನ ಕೆಲಸಕ್ಕೆಂದು ಡ್ರೆಸ್ಡೆನ್‌ಗೆ ಹೋಗಿದ್ದಳು, ಫ್ರೌ ಕ್ಲೈನ್ ತಂಗಿಯ ಮನೆಗೆಂದು ಕಾರ್ಲ್ಸ್‌ರುಹೆಗೆ ಹೋಗಿದ್ದರು. ಉಳಿದವನು ಶೈಲೇಶನೊಬ್ಬನೇ.

"ಬರೇ ಲದ್ದಿ ತಗೀರಿ ಪಪ್ಪಾ," ಎಂದು ಭೂಮಿಕಾ ಹಾಸಿಗೆಯಿಂದಲೇ ಹೇಳಿದಳು. "ಎಲ್ಲೆ ಒದ್ದಿ ಆಗೇತಿ ಅಲ್ಲೆ ಅಷ್ಟ ತಗದು ಹೊಸಾ ಪೆಲೆಟ್ಸ್ ಹಾಕ್ರಿ, ಮ್ಯಾಲೆ ನೀರು ಚಿಮುಕಸ್ರಿ. ಉಳದದ್ದು ಮುಟ್ಟಬ್ಯಾಡ್ರಿ. ಪ್ರಾಮಿಸ್?"

"ಆತು ತಗೋ ನಮ್ಮವ್ವ. ದನಾ ಕಟ್ಟಿದ ಮನ್ಯಾಗ ಹುಟ್ಟೇನಿ ನಾ. ನನಗ ಕಲಸ್ತೀ ಏನು?"

"ಬ್ರೂನೋ ಇಸ್ಟ್ ಕೈನೆ ಕೂ," ಎಂದಳು ಅವಳು ಕಣ್ಣು ಮುಚ್ಚಿಕೊಂಡೇ. ಬ್ರೂನೋ ದನವಲ್ಲ ಎಂಬಷ್ಟು ಜರ್ಮನ್ ಅವನಿಗೂ ಅರ್ಥವಾಯಿತು. ನಕ್ಕು ಸೈಕಲ್ ಹತ್ತಿದ.

ಕುದುರೆ ಹೊರಗೆ ಬೇಲಿಯೊಳಗಿನ ಹುಲ್ಲಿನಲ್ಲಿತ್ತು. ಲಾಯದ ನೆಲಕ್ಕೆ ಗೇಣುದ್ದ ದಪ್ಪದ ಹಾಸು. ಮರದ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ, ಪೆಲೆಟ್ಸ್ ಎನ್ನುವ ಗಟ್ಟಿ ಗುಳಿಗೆಗಳನ್ನು ಸುರಿದು ನೀರು ಚಿಮುಕಿಸಿದರೆ ಅವು ಅರಳಿ ಮೆತ್ತಗಿನ ಪುಡಿಯಾಗುತ್ತವೆ. ಅದರ ಮೇಲೆ ಕುದುರೆ ತಿಂಗಳುಗಟ್ಟಲೆ ತುಳಿದೂ ಮಲಗಿಯೂ ಅದೊಂದು ಹದಕ್ಕೆ ಬಂದಿರುತ್ತದೆ. ಶೈಲೇಶ ಜಾಲರಿಯಂಥ ಸಲಿಕೆಯಿಂದ ಲದ್ದಿ ಎತ್ತಿದ. ಒದ್ದೆಯಾದ ಮೂಲೆಯನ್ನೂ ಕೆರೆದ. ಕೆಳಗಿನದೆಲ್ಲ ಕಂದು ಬಣ್ಣ, ಮೂಗಿಗೆ ಮೂತ್ರದ ಘಾಟು. ಇದನ್ನು ಹೀಗೇ ಬಿಡುವುದೇ ಎಂದು ಅವನಿಗೆ ಹೇಸಿಗೆಯಾಯಿತು. ಬೈಲಹೊಂಗಲದ ಅವನ ತಾಯಿ ಬಸಲಿಂಗವ್ವ ಎಮ್ಮೆ ಕಟ್ಟುವ ಜಾಗವನ್ನು ದಿನಾ ಬೆಳಿಗ್ಗೆ ಹಾಸುಗಲ್ಲು ಕಾಣುವವರೆಗೆ ಬಳಿದು, ಕೊಡಗಟ್ಟಲೆ ನೀರು ಹಾಕಿ ಗುಡಿಸುತ್ತಿದ್ದವರು. ಪಾಪ, ಹುಡುಗಿಯ ಕೈಲಿ ಆಗದ್ದಕ್ಕೆ ಮುಟ್ಟಬೇಡಿ ಎಂದಿದ್ದಾಳೆ ಎಂದುಕೊಂಡ.

ಪೂರ್ತಿ ತೆಗೆದುಬಿಟ್ಟ. ಕೈಗಾಡಿ ತುಂಬಿ ತುಂಬಿ ತಿಪ್ಪೆಗೆ ಸುರಿದ. ಅಂಗೈಯಲ್ಲಿ ಬೊಬ್ಬೆ ಎದ್ದವು, ಅಂಗಿ ಬೆನ್ನಿಗೆ ಅಂಟಿತು. ಆಮೇಲೆ ಪೈಪು ಹಿಡಿದು ಸಿಮೆಂಟು ನೆಲ ತಳತಳ ಹೊಳೆಯುವ ಹಾಗೆ ತೊಳೆದ. ಎಷ್ಟೋ ವರ್ಷದ ಮೇಲೆ ಮೈಮುರಿದು ದುಡಿದ ಹಿತ. ಒಂದು ಫೋಟೋ ತೆಗೆದು ಮಗಳಿಗೆ ಕಳಿಸಿದ. ಅವಳು ನೋಡಲಿಲ್ಲ, ಮಲಗಿರಬೇಕು. ಎರಡು ಚೀಲ ಪೆಲೆಟ್ಸ್ ಸುರಿದು ಹರವಿದ. ನೆಲವೇ ಹಸಿಯಿದೆಯಲ್ಲ, ಮೇಲೆ ಇನ್ನೇನು ನೀರು ಎಂದು ಚಿಮುಕಿಸಲಿಲ್ಲ. ಮಳೆಯ ಮೋಡ ಕಂಡು ಬ್ರೂನೋನ ಹಗ್ಗ ಹಿಡಿದು ಕರೆತಂದ.

ಕುದುರೆ ಬಾಗಿಲಲ್ಲಿ ಒಮ್ಮೆ ತಡೆಯಿತು. "ಬಾರೋ, ಮನಿ ಎಷ್ಟು ಚಂದ ಮಾಡೇನಿ ನೋಡು," ಎಂದು ಹಗ್ಗ ಎಳೆದ. ಅದು ಪಾಪ ನಂಬಿ ಒಳಗೆ ಕಾಲಿಟ್ಟಿತು. ಅರಳದ ಗುಳಿಗೆಗಳು ಒದ್ದೆ ಸಿಮೆಂಟಿನ ಮೇಲೆ ಗೋಲಿಗಳ ಹಾಗೆ ಉರುಳಿದವು. ಹಿಂಗಾಲು ಎರಡೂ ಎರಡು ದಿಕ್ಕಿಗೆ ಸರಿದು, ಅಷ್ಟು ದೊಡ್ಡ ಮೈ ಧಪ್ಪನೆ ಬಿತ್ತು. ಏಳಲು ಮುಂಗಾಲು ಊರಿತು, ಜಾರಿತು. ಮತ್ತೆ ಊರಿತು, ಮತ್ತೆ ಜಾರಿ ಸೊಂಟ ನೆಲಕ್ಕೆ ಬಡಿಯಿತು. ಶೈಲೇಶ ಹಗ್ಗ ಜಗ್ಗಿದ, ಭುಜ ಕೊಟ್ಟು ನೂಕಿದ. ಮನುಷ್ಯನ ಬಲ ಅದಕ್ಕೆ ಎಲ್ಲಿ ಸಾಲಬೇಕು? ತಿಪ್ಪೆಗೆ ಓಡಿ, ತಾನೇ ಎಸೆದ ಹಳೆಯ ಹಾಸನ್ನು ಎರಡೂ ತೋಳಿಂದ ಬಾಚಿ ತಂದು ಗೊರಸಿನ ಕೆಳಗೆ ಸುರಿದ. ಹೊತ್ತು ಮೀರಿತ್ತು. ಹಿಂಗಾಲೊಂದು ತಿರುಗಬಾರದ ಕಡೆಗೆ ತಿರುಗಿತ್ತು. ಬ್ರೂನೋ ಏಳುವ ಯತ್ನ ಬಿಟ್ಟು ಸುಮ್ಮನೆ ಅವನನ್ನೇ ನೋಡತೊಡಗಿತು.

ಫ್ರೌ ಕ್ಲೈನ್‌ಗೆ ಇಂಗ್ಲಿಷ್ ಬಾರದು. ಪಶುವೈದ್ಯರಿಗೆ ಫೋನು ಮಾಡಿದರೂ ಏನೆಂದು ಹೇಳುವುದು, ಯಾವ ಶಬ್ದದಲ್ಲಿ ಹೇಳುವುದು? ಅವನು ಮಗಳಿಗೇ ಫೋನು ಮಾಡಬೇಕೆನ್ನುವಷ್ಟರಲ್ಲಿ ಅವಳದೇ ಬಂತು.

"ಪಪ್ಪಾ, ಈಗ ಫೋಟೋ ನೋಡಿದೆ. ಬ್ರೂನೋನ್ನ ಒಳಗ ಕರಕೊಂಡು ಹೋಗಬ್ಯಾಡ್ರಿ. ಜಾರತಾನ ಅಂವ."

"ಭೂಮಿ..." ಎಂದನಷ್ಟೇ ಶೈಲೇಶ. ಆ ಕಡೆ ಅವಳ ಉಸಿರು ಬದಲಾದದ್ದು ಕೇಳಿಸಿತು.

ಜ್ವರದಲ್ಲೇ ಎದ್ದು, ಮಲಗುವ ಬಟ್ಟೆಯ ಮೇಲೆ ಜಾಕೆಟ್ ಹಾಕಿಕೊಂಡು, ದಾರಿಯುದ್ದಕ್ಕೂ ಪಶುವೈದ್ಯರಿಗೂ ಫ್ರೌ ಕ್ಲೈನ್‌ಗೂ ಫೋನು ಮಾಡುತ್ತ ಅವಳು ಅಮ್ಮನ ಸೈಕಲ್ ತುಳಿದು ಬಂದಳು. ಬಂದವಳು ಅಪ್ಪನನ್ನು ನೋಡಲಿಲ್ಲ. ನೇರ ಹೋಗಿ ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಹಿಂದೆಯೇ ಬಂದ ಪಶುವೈದ್ಯೆ ಕಾಲು ಮುಟ್ಟಿ ನೋಡಿ ಏನೋ ಹೇಳಿದರು. ಭೂಮಿಕಾ ಅದನ್ನು ಅಪ್ಪನಿಗೆ ಕನ್ನಡ ಮಾಡಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕಾರ್ಲ್ಸ್‌ರುಹೆಯಿಂದ ಫ್ರೌ ಕ್ಲೈನ್ ಬರುವವರೆಗೂ ಕಾದರು. ಅವರು ಕೋಲೂರಿಕೊಂಡು ಬಂದು ಮೊದಲು ಕುದುರೆಯ ಹಣೆ ಸವರಿದರು. ಆಮೇಲೆ ಬರಿದಾದ ನೆಲ ನೋಡಿದರು, ಶೈಲೇಶನ ಕಡೆ ತಿರುಗಿ ಕೇಳಿದರು. "ವಾರುಮ್?"

ಯಾಕೆ ಎಂಬುದು ಅವನಿಗೆ ಅರ್ಥವಾಯಿತು. ಉತ್ತರವೂ ಪೂರ್ತಿ ಇತ್ತು, ಕನ್ನಡದಲ್ಲಿ. ಮಗಳು ಸರಿಯಾಗೇ ಹೇಳಿದ್ದಳು, ನಾನು ದೊಡ್ಡಸ್ತಿಕೆಗೆ ಬಿದ್ದು ಕೇಳಲಿಲ್ಲ. ಅಷ್ಟೇ. ಅದರಲ್ಲಿ ಒಂದು ಶಬ್ದವೂ ಜರ್ಮನ್ ಆಗಲಿಲ್ಲ. ರೂಢಿಯಂತೆ ಅವನ ಕಣ್ಣು ಮಗಳ ಕಡೆ ಹೋಯಿತು.

ಭೂಮಿಕಾ ಮೆಲ್ಲಗೆ ಮಾತಾಡಿದಳು. ಚಿಕ್ಕ ಚಿಕ್ಕ ವಾಕ್ಯಗಳು, ಹಾಗಾಗಿ ಅವನಿಗೂ ಗೊತ್ತಾಯಿತು. ನಾನೇ ಪಪ್ಪಾಗೆ ಎಲ್ಲ ತೆಗೆಯಲು ಹೇಳಿದ್ದು. ತಪ್ಪು ನನ್ನದು.

"ನೈನ್," ಎಂದ ಶೈಲೇಶ, ಅಲ್ಲವೆಂದು ಕೈಯಾಡಿಸುತ್ತ. "ನೈನ್, ನೈನ್." ತನ್ನ ಎದೆ ಮುಟ್ಟಿಕೊಂಡು ಮತ್ತೆ ಮತ್ತೆ ಅದನ್ನೇ ಹೇಳಿದ. ಫ್ರೌ ಕ್ಲೈನ್ ತಲೆಯಾಡಿಸಿ ಅವನ ತೋಳು ತಟ್ಟಿದರು. ಮಗಳ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ಒಳ್ಳೆಯ ತಂದೆ ಎಂದುಕೊಂಡರು. ಭೂಮಿಕಾಳ ಕಡೆ ಮಾತ್ರ ಅವರು ಮತ್ತೆ ನೋಡಲಿಲ್ಲ.

ಪಶುವೈದ್ಯೆ ಕೊನೆಯ ಚುಚ್ಚುಮದ್ದು ಕೊಟ್ಟರು, ಬ್ರೂನೋನ ಉಸಿರು ನಿಂತಿತು. ಎಲ್ಲ ಮುಗಿದ ಮೇಲೆ ಅಪ್ಪ ಮಗಳು ಹನಿಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಹೊರಟರು. ಅವನು ತನ್ನ ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿದ. ಅವಳು ಬೇಡವೆನ್ನಲಿಲ್ಲ.

"ಯಾಕ ಹಂಗ ಹೇಳಿದಿ ಭೂಮಿ?"

"ನಾ ಸಣ್ಣಾಕಿ," ಎಂದಳು. "ನಂಗ ಅವ್ರು ಯಾವಾಗರ ಮಾಫ್ ಮಾಡ್ತಾರ."

ಹೊಲದ ದಾರಿ ಮುಗಿಯುವಲ್ಲಿ ಶೈಲೇಶ ನಿಂತ. ಸೈಕಲ್ಲಿನ ಹಿಡಿ ಬಿಗಿಯಾಗಿ ಹಿಡಿದು, ಅವಳ ಮುಖ ನೋಡಲಾರದೆ ಕೇಳಿದ. "ನೀ? ನೀ ನನ್ನ ಮಾಫ್ ಮಾಡ್ತೀ ಏನವ್ವ?"

ಆಗ ಅವಳು ಅತ್ತಳು. ಅಳುತ್ತಲೇ ಉತ್ತರ ಕೊಟ್ಟಳು, ಉದ್ದಕ್ಕೆ, ಒಂದೇ ಉಸಿರಿಗೆ, ಪೂರ್ತಿ ಜರ್ಮನ್‌ನಲ್ಲಿ. ಬ್ರೂನೋ ಎಂಬುದೊಂದು ಕೇಳಿಸಿತು, ಪಪ್ಪಾ ಎಂಬುದು ಒಂದೆರಡು ಸಲ. ಉಳಿದದ್ದು ಶೈಲೇಶನ ತಲೆಗೆ ಹತ್ತಲಿಲ್ಲ. ಏನೆಂದು ಕೇಳಲು ಅವನಿಗೆ ಇದ್ದವಳು ಅವಳೊಬ್ಬಳೇ.