ಅಪ್ಪ ಕೊಡದೆ ಹೋದ ಸಾಲು

ನಮ್ಮಣ್ಣ ಎಲ್ಡನ್ ಸೈಜ್‌ಮೋರ್ ಹಾಡಿದ ಹಾಡುಗಳಲ್ಲಿ ಜನ ಬಾಯಿಪಾಠ ಮಾಡಿಕೊಂಡದ್ದು ಎಂಟೋ ಹತ್ತೋ, ಅಷ್ಟೇ. ಅವನ್ನೇ ಕಂಪನಿಯವರು ಹಿಂದುಮುಂದು ಮಾಡಿ, ಪ್ರತಿ ಸಲ ಹೊಸ ಮುಖಪುಟ ಹಚ್ಚಿ, ‘ಎಲ್ಡನ್‌ನ ಆಯ್ದ ಹಾಡುಗಳು’, ‘ಎಲ್ಡನ್‌ನ ಅತಿ ಆಯ್ದ ಹಾಡುಗಳು’ ಎಂದು ಹೆಸರಿಟ್ಟು ಪೆಟ್ರೋಲ್ ಬಂಕುಗಳಲ್ಲಿ ಮಾರಿದರು. ನಿನ್ನೆಯ ಬೀನ್ಸ್ ಸಾರಿಗೆ ನೀರು ಬೆರೆಸಿ ಬಿಸಿ ಮಾಡಿದ ಹಾಗೆ. ಒಂದು ಸಂಗ್ರಹದ ಮೇಲೆ ಇದ್ದದ್ದು ಅಣ್ಣನ ಫೋಟೋ ಅಲ್ಲ, ಅವನ ಬಸ್ ಓಡಿಸುತ್ತಿದ್ದವನದು. ಅದೂ ಚೆನ್ನಾಗಿಯೇ ಖರ್ಚಾಯಿತಂತೆ.

ಹೊಸದಾಗಿ ಹಾಡಿಸುವ ಮನಸ್ಸು ಮಾತ್ರ ಬಹಳ ವರ್ಷ ಯಾರಿಗೂ ಬರಲಿಲ್ಲ. ಆಮೇಲೆ ತೊಂಬತ್ತರ ದಶಕದ ಕೊನೆಗೆ ಅದೆಂಥದೋ ಗಾಳಿ ಬೀಸಿತು. ಮುದುಕರನ್ನು ಹುಡುಕಿ ತಂದು, ಕೈಗೊಂದು ಗಿಟಾರ್ ಕೊಟ್ಟು, ಬೇರೆ ವಾದ್ಯವೇ ಇಲ್ಲದೆ ಹಾಡಿಸುವುದು. ಗಂಟಲು ಒಡೆದಷ್ಟೂ ಬೆಲೆ ಜಾಸ್ತಿ. ನ್ಯಾಶ್‌ವಿಲ್‌ನಿಂದ ಪ್ರೂವಿಟ್ ಎಂಬ ಧ್ವನಿಮುದ್ರಣದವನು ಕೆಂಟಕಿಯ ನಮ್ಮ ಗುಡ್ಡ ಹತ್ತಿ ಬಂದ. ಅಷ್ಟು ಹೊತ್ತಿಗೆ ಅಣ್ಣ ನನ್ನ ಮನೆ ಸೇರಿ ಎರಡು ಚಳಿಗಾಲ ಕಳೆದಿದ್ದವು. ಕಟ್ಟಿಕೊಂಡ ಇಬ್ಬರೂ ಬಿಟ್ಟುಹೋಗಿದ್ದರು, ಈಗ ಮಾತುಗಳೂ ಒಂದೊಂದಾಗಿ ಬಿಟ್ಟುಹೋಗುತ್ತಿದ್ದವು. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಅದರ ಹೆಸರಿಗೆ ತಡಕಾಡುತ್ತಿದ್ದ. ರಾಗ ಒಂದೂ ಮರೆತಿರಲಿಲ್ಲ. ಮರೆತದ್ದು ಪದ.

“ಹಾಡ್ತೀನಿ,” ಅಂದ ಪ್ರೂವಿಟ್‌ಗೆ. “ಆದ್ರೆ ಅಪ್ಪಂದು ಒಂದು ಹಾಡು ಇರ್ಬೇಕು. ಅದಿಲ್ದಿದ್ರೆ ನಾನಿಲ್ಲ.”

ಅಪ್ಪನ ಮಾತು ಅವನ ಬಾಯಲ್ಲಿ ಬಂದು ಒಂದು ತಲೆಮಾರೇ ಕಳೆದಿತ್ತು.

ನಮ್ಮ ಅಪ್ಪ ಈನಸ್ ಸೈಜ್‌ಮೋರ್ ವಾರವೆಲ್ಲ ಕಲ್ಲಿದ್ದಲು ಗಣಿಯಲ್ಲಿ, ಭಾನುವಾರ ಚರ್ಚಿನಲ್ಲಿ. ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ, ಸ್ವರ ಬರೆದ ಪುಸ್ತಕವೂ ಇಲ್ಲ. ಒಬ್ಬ ಗಂಡಸು ಎದ್ದು ನಿಂತು ಹಾಡಿನ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಸರಸರನೆ ಹೇಳುತ್ತಾನೆ. ಅದೇ ಸಾಲನ್ನು ಇಡೀ ಸಭೆ ನಿಧಾನವಾಗಿ ಎಳೆದು ಎಳೆದು ಹಾಡುತ್ತದೆ. ಆಮೇಲೆ ಮುಂದಿನ ಸಾಲು. ಇದಕ್ಕೆ ಸಾಲು ಕೊಡುವುದು ಎನ್ನುತ್ತೇವೆ. ಕೊಡುವವರು ಗಂಡಸರು ಮಾತ್ರ, ಹೆಂಗಸರ ಕೆಲಸ ಹಾಡುವುದು ಮತ್ತು ಅಳುವುದು. ಅಪ್ಪ ಸಾಲು ಕೊಟ್ಟರೆ ಒಲೆಯ ಪಕ್ಕದಲ್ಲಿ ನಿದ್ದೆ ಹೋದ ಮುದುಕಿಯರೂ ಎದ್ದು ಕೂರುತ್ತಿದ್ದರು. ಗಣಿಯ ಧೂಳು ತುಂಬಿದ, ನೆಲದೊಳಗಿಂದ ಬಂದಂಥ ದನಿ.

ಅಣ್ಣ ಹದಿನೇಳಕ್ಕೆ ಗಿಟಾರ್ ಎತ್ತಿಕೊಂಡು ಹೆಂಡದಂಗಡಿಗಳಲ್ಲಿ ಹಾಡಲು ಹೋದ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ವರ್ಷಗಳ ಮೇಲೆ, ರೇಡಿಯೋ ತುಂಬ ಅವನೇ ಇದ್ದ ಕಾಲದಲ್ಲಿ, ಅಮ್ಮನ ನೆನಪಿನ ಪ್ರಾರ್ಥನೆಗೆ ಅಣ್ಣ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ಅಪ್ಪ ಸಾಲು ಕೊಡಲು ಎದ್ದು ನಿಂತಿದ್ದವನು ಅವನನ್ನು ನೋಡಿದ. ಕೈಯಲ್ಲಿದ್ದ, ಬರೀ ಪದಗಳ ಪುಟ್ಟ ಪುಸ್ತಕ ಮುಚ್ಚಿ, ಕೂತುಬಿಟ್ಟ. ಬೇರೆ ಯಾರೂ ಏಳುವ ಧೈರ್ಯ ಮಾಡಲಿಲ್ಲ. ಅವತ್ತು ನಮ್ಮಮ್ಮನಿಗೆ ಹಾಡೇ ಇಲ್ಲ. ಅಣ್ಣ ಬಾಯಿ ಅರೆ ತೆರೆದು ಕಾದು ಕುಳಿತಿದ್ದ ಮುಖ ನನ್ನ ಕಣ್ಣಿಗೆ ಕಟ್ಟಿದೆ. ಅಪ್ಪ ಸತ್ತಾಗ ಅವನು ಬರಲಿಲ್ಲ, ನಾನೂ ಕರೆಯಲಿಲ್ಲ.

ನ್ಯಾಶ್‌ವಿಲ್‌ಗೆ ನಾನೂ ಹೋದೆ. ಪದ ಕೈಕೊಟ್ಟರೆ ಹೇಳಿಕೊಡಲು ಒಬ್ಬರು ಬೇಕಲ್ಲ. ಪ್ರೂವಿಟ್ ಹಾಡುಗಳನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಅಣ್ಣ ಅದನ್ನು ನೋಡಿ ಮುಖ ತಿರುಗಿಸಿದ.

“ಓದೋದಲ್ಲ ಕಣಪ್ಪ ಹಾಡು,” ಅಂದ. ಆಮೇಲೆ ನನ್ನ ಕಡೆ ತಿರುಗಿ, “ಓಮಾ, ನೀನು ಸಾಲು ಕೊಡು.”

“ನಾನಾ? ನಾನು ಹೆಂಗಸು ಕಣೋ ಅಣ್ಣ. ಚರ್ಚಿನೋರು ಕೇಳಿದ್ರೆ ನನ್ನ ಹೊರಗೆ ಹಾಕ್ತಾರೆ.”

“ನನ್ನ ಹಾಕಿಲ್ವಾ? ಜೊತೆಗಿರ್ತೀಯ ಬಾ.”

ಅವನ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕುಳಿತೆ. ಮೈಕಿಗೆ ಕೇಳದಷ್ಟು ಮೆಲ್ಲಗೆ, ಕಿವಿಯ ಹತ್ತಿರ ಬಾಗಿ ಸಾಲು ಕೊಟ್ಟೆ, ಅವನು ಹಾಡಿದ. ಹಳೆಯ ಹಾಡುಗಳು ಹಾಗೆ ಮುಗಿದವು. ಒಂದು ಕಾಲಕ್ಕೆ ಕೋಗಿಲೆಯಂತೆ ಇದ್ದ ಗಂಟಲು ಪಾತಾಳಕ್ಕೆ ಇಳಿದಿತ್ತು, ಸಾಲು ಸಾಲಿಗೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪ್ರೂವಿಟ್ ಗಾಜಿನ ಆಚೆ ಕುಳಿತು ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನಿಗೆ ಅದು ವ್ಯಾಪಾರವೂ ಹೌದು, ನಿಜವಾದ ಅಳುವೂ ಹೌದು ಎಂದು ನನಗನ್ನಿಸಿತು.

ಕೊನೆಗೆ ಅಪ್ಪನ ಹಾಡು. ಹೊಳೆಯ ಈಚೆ ದಡದಲ್ಲಿ ಕತ್ತಲಲ್ಲಿ ನಿಂತವನು ಆಚೆ ದಡದ ದೀಪ ನೋಡುವ ಹಾಡು. ಅಣ್ಣ ಗಿಟಾರ್ ಕೆಳಗಿಟ್ಟ. ಮೂರು ಚರಣ ಕೊಟ್ಟೆ. ನಾಲ್ಕನೆಯದಕ್ಕೆ ಬಾಯಿ ತೆರೆದರೆ ನನ್ನಲ್ಲಿ ಏನೂ ಇರಲಿಲ್ಲ. ಆ ಚರಣವನ್ನು ಮಣ್ಣು ಮಾಡುವಾಗ ಮಾತ್ರ ಹಾಡುತ್ತಿದ್ದರು, ಆಗೆಲ್ಲ ನಾನು ಅಳುವುದರಲ್ಲೇ ಇರುತ್ತಿದ್ದೆ, ಕಲಿತೇ ಇರಲಿಲ್ಲ. ಅಣ್ಣ ಕಣ್ಣು ಮುಚ್ಚಿ ಕಾಯುತ್ತಿದ್ದ. ಟೇಪು ತಿರುಗುತ್ತಲೇ ಇತ್ತು. ನಾನು ನಾಚಿಕೆಯಿಂದ ಅವನ ಭುಜ ಮುಟ್ಟಬೇಕು ಎನ್ನುವಷ್ಟರಲ್ಲಿ, ಯಾರೋ ಕೊಟ್ಟದ್ದನ್ನು ತೆಗೆದುಕೊಂಡವನ ಹಾಗೆ ಅವನು ತಲೆಯಾಡಿಸಿ, ದನಿ ಎತ್ತಿದ.

*ಹೆಸರು ಹಿಡಿದು ಕರೆಯೋ ತಂದೆ, ಹೊಳೆಯು ಆಳವಿಲ್ಲ.*

ಒಂದು ಅಕ್ಷರ ತಪ್ಪದೆ ಕೊನೆಯವರೆಗೂ ಹಾಡಿದ.

ಮತ್ತೆ ಪ್ರೂವಿಟ್ ನಮ್ಮನ್ನು ಕರೆಸಿದ್ದು ಎಲೆ ಉದುರುವ ಕಾಲಕ್ಕೆ. ಅಲ್ಲಿಯವರೆಗೆ ಟೇಪು ಡಬ್ಬಿಯಲ್ಲೇ ಇತ್ತಂತೆ. ಹಾಕಿ ಕೇಳಿಸಿದ. ಮೂರು ಚರಣ ಆಯಿತು. ಆಮೇಲೆ ಆ ಮೌನ. ಮೌನದ ಕೊನೆಯಲ್ಲಿ, ಅಣ್ಣನ ದನಿ ಏಳುವುದಕ್ಕೆ ಸ್ವಲ್ಪ ಮೊದಲು, ಬಹಳ ದೂರದಿಂದ, ನೆಲದೊಳಗಿಂದ, ಯಾರೋ ಅದೇ ಸಾಲು ಅಂದರು. *ಹೆಸರು ಹಿಡಿದು...* ಅಷ್ಟರಲ್ಲಿ ಅಣ್ಣ ಅದರ ಮೇಲೆ ಎತ್ತಿಕೊಂಡ.

ಅಣ್ಣ ಕುರ್ಚಿಯಿಂದ ಎದ್ದು ನಿಂತ. ಟೋಪಿ ತೆಗೆದ.

“ಅಪ್ಪ,” ಅಂದ.

ಪ್ರೂವಿಟ್ ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದ. “ಟೇಪು ಸುರುಳಿ ಸುತ್ತಿರುತ್ತಲ್ವಾ ಮೇಡಂ, ಸುತ್ತಿನ ಮೇಲೆ ಸುತ್ತು. ಡಬ್ಬೀಲಿ ಕೂತು ಕೂತು ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟ್ಕೊಳ್ಳುತ್ತೆ. ಅದಕ್ಕೇ ಹಾಡೋ ಮೊದ್ಲೇ ಕೇಳ್ಸೋದು. ಅದು ಎಲ್ಡನ್ ಸಾರ್‌ದೇ ದನಿ. ಬೇರೆ ಯಾರೂ ಅಲ್ಲ.”

“ನಮ್ಮಪ್ಪನ ದನಿ ನೀನು ಕೇಳಿದ್ದೀಯೇನಪ್ಪ?”

“ಇಲ್ಲ.”

“ನಾನು ಕೇಳಿದೀನಿ.”

ಅವನು ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತು. ಸಿಗರೇಟು, ವಯಸ್ಸು, ಊರೂರು ತಿರುಗಾಟ ಎಲ್ಲ ಸೇರಿ ಅಣ್ಣನ ಗಂಟಲನ್ನು ಅಪ್ಪನ ಗಂಟಲು ಮಾಡಿಟ್ಟಿದ್ದವು. ತನ್ನ ದನಿಯಲ್ಲೇ ಅವನು ಅಪ್ಪನನ್ನು ಕೇಳಿದ. ಆದರೆ ಆ ಚರಣವನ್ನು ಅವನಿಗೆ ಯಾರು ಕೊಟ್ಟರು ಎಂಬುದಕ್ಕೆ ಪ್ರೂವಿಟ್‌ನ ಸುರುಳಿಯಲ್ಲಿ ಉತ್ತರವಿಲ್ಲ. ನನಗೆ ಭಯವಾಯಿತು. ಭಯಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ಕೊನೆಗಾಲದಲ್ಲಿ ಅಪ್ಪನಿಗೆ ಉಣ್ಣಿಸಿದವಳು ನಾನು, ಅಪ್ಪ ಬಂದದ್ದು ಇವನಿಗೆ.

ಹೊರಡುವಾಗ ಅಣ್ಣ ಪ್ರೂವಿಟ್‌ನ ಎರಡೂ ಕೈ ಹಿಡಿದುಕೊಂಡ. “ಅಪ್ಪನ್ನ ಅಳಿಸ್ಬೇಡಪ್ಪ.” ಪ್ರೂವಿಟ್ ಹೂಂ ಅಂದ, ಒಂದು ಕ್ಯಾಸೆಟ್ಟಿಗೆ ಆ ಹಾಡು ಇಳಿಸಿ ಕೊಟ್ಟ.

ಆ ಚಳಿಗಾಲ ಅಣ್ಣ ಕಂಡಷ್ಟು ನೆಮ್ಮದಿಯನ್ನು ತನ್ನ ಜನ್ಮದಲ್ಲೇ ಕಂಡಿರಲಿಲ್ಲ. ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲಿದ್ದ ಮೆಷಿನ್ನಿಗೆ ಕ್ಯಾಸೆಟ್ಟು ಹಾಕಿ ಕೂರುತ್ತಿದ್ದ. ಮೌನದ ಹೊತ್ತಿಗೆ ತಲೆ ಬಾಗಿಸಿ, ಸಾಲು ಬಂದ ಮೇಲೆ ಹಾಡುತ್ತಿದ್ದ. ದಿನಾ ಕೇಳಿ ಕೇಳಿ ನನಗೂ ಆ ಚರಣ ಬಂತು. ದೇವರಾಣೆ ನನಗೆ ಸಾಕುಸಾಕಾಗಿತ್ತು. “ಅಪ್ಪನಿಗೆ ಸ್ವಲ್ಪ ಮಲಗೋಕ್ ಬಿಡೋ,” ಎಂದು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ. ನನ್ನ ಹೆಸರು ಅವನ ಬಾಯಿಗೆ ಬರುವುದು ಕಡಿಮೆಯಾಗುತ್ತಿತ್ತು. ಅದನ್ನು ಕಂಡೂ ಕಾಣದಂತೆ ಇದ್ದೆ.

ಹಿಮ ಕರಗುವ ಹೊತ್ತಿಗೆ ಆ ಹಾಳು ಮೆಷಿನ್ ಕ್ಯಾಸೆಟ್ಟನ್ನು ನುಂಗಿತು. ಪೆನ್ಸಿಲ್ ತೂರಿಸಿ ತಿರುಗಿಸಿದೆ, ಕಂದು ಪಟ್ಟಿ ಸುಕ್ಕಾಗಿ ಕೈಗೇ ಬಂತು. ಪ್ರೂವಿಟ್‌ಗೆ ಫೋನ್ ಮಾಡಿದರೆ, “ಈ ವಾರದಲ್ಲೇ ದೊಡ್ಡ ಸಂಗ್ರಹ ಬರುತ್ತೆ ಮೇಡಂ. ಹೊಸದೂ ಹಳೇದೂ ಎಲ್ಲ ಒಂದೇ ಪೆಟ್ಟಿಗೇಲಿ,” ಅಂದ.

“ಆ ದನಿ?”

ಅವನು ಕೆಮ್ಮಿದ. “ಹಾಗೇ ಬಿಡಿ ಅಂತ ನಾನು ಹೇಳ್ದೆ. ಜನ ದೋಷ ಅಂದ್ಕೊಂಡು ವಾಪಸ್ ತರ್ತಾರೆ ಅಂತ ಕಂಪನಿಯೋರು ಅಂದ್ರು. ಕ್ಲೀನ್ ಮಾಡ್ಸಿದಾರೆ.”

“ಕಸ ಗುಡಿಸೋ ಕೈಗೆ ಅಪ್ಪನೂ ಕಸವೇ,” ಎಂದು ಫೋನ್ ಇಟ್ಟೆ.

ಪೆಟ್ಟಿಗೆ ಬಂತು. ಈ ಸಲ ಫೋಟೋ ಅವನದೇ. ಅಡಗಿಸಿಡೋಣ ಎಂದುಕೊಂಡೆ, ಆದರೆ ಅಂಚೆಯವನಿಂದ ಅಣ್ಣನೇ ತೆಗೆದುಕೊಂಡಿದ್ದ. ಊಟವಾದ ಮೇಲೆ, ಜೋಳದ ರೊಟ್ಟಿಯ ಪುಡಿ ಇನ್ನೂ ಮೇಜಿನ ಮೇಲಿರುವಾಗಲೇ, ಹಾಕು ಎಂದ. ಹಾಕಿದೆ. ಮೂರು ಚರಣ ಹೊಳೆಯ ನೀರಿನಷ್ಟು ಶುಭ್ರವಾಗಿ ಬಂದವು. ಆಮೇಲೆ ಮೌನ. ತೊಳೆದಿಟ್ಟ ಮೌನ, ಅದರಲ್ಲಿ ಯಾರೂ ಇರಲಿಲ್ಲ. ಅವನು ತಲೆ ಬಾಗಿಸಿ, ಬಾಯಿ ಅರೆ ತೆರೆದು ಕಾದ. ಪೆಟ್ಟಿಗೆಯೊಳಗಿನ ಎಲ್ಡನ್ ಹಾಡಿಕೊಂಡು ಹೋದ. ಕುರ್ಚಿಯಲ್ಲಿದ್ದವನಿಗೆ ಹಾಡಲಾಗಲಿಲ್ಲ.

“ಕೊಡ್ಲಿಲ್ಲ,” ಅಂದ. “ಮತ್ತೆ ಪುಸ್ತಕ ಮುಚ್ಚಿಬಿಟ್ಟ.”

ಅದೇ ಮುಖ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅದೇ ಮುಖ. ಆ ಮುಖವನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿರಲಿಲ್ಲ. ಯಂತ್ರ ಆರಿಸಿ ಅವನ ಕುರ್ಚಿಯ ಹಿಂದೆ ಹೋಗಿ ನಿಂತೆ. ಈ ಸಲ ಪಿಸುಗುಡಲಿಲ್ಲ. ಎದೆಯ ತಳಕ್ಕೆ ದನಿ ಇಳಿಸಿ, ಅಪ್ಪ ಕೊಡುತ್ತಿದ್ದ ಹಾಗೆ, ಒಂದೇ ಉಸಿರಿನಲ್ಲಿ ಸಾಲು ಕೊಟ್ಟೆ.

ಕೊಟ್ಟ ಮೇಲೆ ನನಗೇ ಗೊತ್ತಾಯಿತು, ನಾನು ಕಲಿತ ಸಾಲು ಅದಾಗಿರಲಿಲ್ಲ. ಕರೆಯೋ ತಂದೆ ಎಂದಿರಬೇಕಿತ್ತು. ನನ್ನ ಬಾಯಿಂದ ಬಂದದ್ದು: *ಹೆಸರು ಹಿಡಿದು ಕರೆದೆ ಮಗನೇ, ಹೊಳೆಯು ಆಳವಿಲ್ಲ.* ಹಾಗೆ ಹೇಳಬೇಕೆಂದು ನಾನು ಎಣಿಸಿರಲಿಲ್ಲ. ಇವತ್ತಿಗೂ ಆ ಮಾತು ನನ್ನದೆಂದು ಹೇಳಲಾರೆ.

ಅಣ್ಣ ಹಾಡಿದ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ, ಮಗನೇ ಎಂದೇ. ನಾನು ಮುಂದಿನ ಸಾಲು ಕೊಟ್ಟೆ, ಅವನು ತೆಗೆದುಕೊಂಡ. ಚರಣ ಮುಗಿಯಿತು. ಅವನು ಹಿಂದಕ್ಕೆ ತಿರುಗಲಿಲ್ಲ.

“ಅಪ್ಪ,” ಅಂದ ಮೆಲ್ಲಗೆ, “ಓಮಾನೂ ಕರಿ. ಎಲ್ಲಿ ಹೋದ್ಳೋ ಗೊತ್ತಿಲ್ಲ, ಬಹಳ ದಿನ ಆಯ್ತು ಅವಳ್ನ ನೋಡಿ. ಅವಳೂ ಕೇಳ್ಬೇಕಿತ್ತು ಇದನ್ನ.”

ನಾನು ಅಣ್ಣಾ ಎನ್ನಲು ಹೊರಟೆ. ಹಾಗೆಂದುಬಿಟ್ಟರೆ ಅಪ್ಪ ಹೊರಟುಹೋಗುತ್ತಾನೆ.

“ಬರ್ತಾಳೆ,” ಅಂದೆ ಆ ದನಿಯಲ್ಲೇ. “ನೀನು ಹಾಡು.”