ಚಾಪೆಲ್ ಓಣಿಯ ತೂತುಗಳು

ಇಡೀ ಐರ್ಲೆಂಡಿನಲ್ಲಿ ನನ್ನಷ್ಟು ಅವಸರದ ಹೆಂಗಸು ಇನ್ನೊಬ್ಬಳಿಲ್ಲ ಎಂದು ನನ್ನ ಗಂಡ ಮ್ಯಾಲಕಿ ಹೇಳುವುದುಂಟು. ಸುಳ್ಳೇನಲ್ಲ. ಆ ಶುಕ್ರವಾರವಂತೂ ನಾನು ಕೈಯಲ್ಲೊಂದು ಸಲಿಕೆ ಹಿಡಿದು ಕಾಲು ಸುಟ್ಟ ಬೆಕ್ಕಿನ ಹಾಗೆ ಚಾಪೆಲ್ ಓಣಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ಮಾರನೆಯ ದಿನ ಊರಿನ ಮಕ್ಕಳ ಮೊದಲ ಕಮ್ಯುನಿಯನ್, ಅವರು ಚರ್ಚಿನಲ್ಲಿ ಮೊದಲ ಸಲ ಪವಿತ್ರ ಪ್ರಸಾದ ಪಡೆಯುವ ಹಬ್ಬ. ಬಿಳಿ ಫ್ರಾಕು ತೊಟ್ಟ ಹುಡುಗಿಯರು ಶಾಲೆಯಿಂದ ಚರ್ಚಿಗೆ ಸಾಲಾಗಿ ಹೋಗುವುದು ಇದೇ ಓಣಿಯಲ್ಲಿ. ಅಷ್ಟರೊಳಗೆ ನಾವು ರಸ್ತೆ ಅಗೆದು, ಮೂಲೆಯ ಬೇಕರಿಗೆ ಹೊಸ ನೀರಿನ ಪೈಪು ಹಾಕಿ, ಮುಚ್ಚಿ, ಗುಡಿಸಿ ಜಾಗ ಖಾಲಿ ಮಾಡಬೇಕಿತ್ತು. ಒಬ್ಬಳು ಹುಡುಗಿಯ ಫ್ರಾಕಿಗೆ ಕೆಸರು ಹತ್ತಿದರೂ ಸಾಕು, ಅವಳ ಅಜ್ಜಿ ನಮ್ಮ ಮಾನ ಹರಾಜು ಹಾಕುತ್ತಾಳೆ.

ತಡ ಮಾಡುತ್ತಿದ್ದವನು ಮ್ಯಾಲಕಿಯೇ. ಮೂರು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಅವನು ಗುಂಡಿಯೊಳಗೆ ನಿಂತು ಸಲಿಕೆಯಿಂದ ಮಣ್ಣು ಎತ್ತುತ್ತಿದ್ದಾಗ, ಬಾಡಿಗೆಗೆ ಬಂದ ಡಿಗ್ಗರಿನ, ಅಂದರೆ ನೆಲ ಅಗೆಯುವ ಯಂತ್ರದ, ಹಲ್ಲಿನ ಬಕೆಟ್ಟು ಕರೆಂಟಿನ ಕೇಬಲ್ಲಿಗೆ ಹೊಡೆಯಿತು. ಎರಡೂ ಕೈ ಸುಟ್ಟವು, ಕುತ್ತಿಗೆ ಸುಟ್ಟಿತು. ಅವನು ಆಸ್ಪತ್ರೆಯಿಂದ ಮನೆಗೆ ಬಂದ ಚಳಿಗಾಲದಲ್ಲಿ ನಾನು ಈ ಮಣ್ಣು ಹೀರುವ ಯಂತ್ರವನ್ನು ಕೊಂಡೆ. ಪಿಕಪ್ಪಿನ ಹಿಂದೆ ಕೊಂಡಿ ಹಾಕಿ ಎಳೆಯುವ ಪುಟ್ಟ ಟ್ರೇಲರ್. ಒಂದು ಎಂಜಿನ್ನು, ಒಂದು ತೊಟ್ಟಿ, ತೊಡೆಗಾತ್ರದ ಒಂದು ಕೊಳವೆ. ನೀರಿನ ಚಿಮ್ಮುಗೋಲು ಮಣ್ಣನ್ನು ಸಡಿಲ ಮಾಡುತ್ತದೆ, ಕೊಳವೆ ಅದನ್ನು ಹೀರುತ್ತದೆ. ಕೆಳಗಿರುವ ಪೈಪಿಗಾಗಲಿ ಕೇಬಲ್ಲಿಗಾಗಲಿ ಗೀರೂ ಬೀಳುವುದಿಲ್ಲ. ದೊಡ್ಡ ಕಂಪನಿಗಳ ಲಾರಿ ಗಾತ್ರದ ಯಂತ್ರ ಇಂಥ ಓಣಿಯಲ್ಲಿ ತಿರುಗುವುದೇ ಇಲ್ಲ. ನಮ್ಮದು ಕತ್ತೆಗಾಡಿ ಹೋಗುವ ಕಡೆಗೆಲ್ಲ ಹೋಗುತ್ತದೆ.

ಅಪಘಾತವಾದ ಮೇಲೆ ಮ್ಯಾಲಕಿ ಕೆಲಸಕ್ಕೆ ಬಂದದ್ದು ಅಂದೇ ಮೊದಲು. ನನಗೆ ಪೈಪಿನ ಚಿಂತೆಗಿಂತ ಅದೇ ಹೆಚ್ಚು. ಹಾಡು ಗುನುಗುತ್ತಾ ಗುಂಡಿಗೆ ಧುಮುಕುತ್ತಿದ್ದ ಆ ಹಳೆಯ ಗಂಡ ನನಗೆ ವಾಪಸು ಬೇಕಿತ್ತು. ಅಂದು ಬರದಿದ್ದರೆ ಇನ್ನು ಎಂದೂ ಬರುವುದಿಲ್ಲವೆಂದು ಯಾಕೋ ಮನಸ್ಸಿಗೆ ಹತ್ತಿಬಿಟ್ಟಿತ್ತು.

ಡಿಗ್ಗರ್ ಅಗೆಯುವ ಮೊದಲು ಕೇಬಲ್ಲು ಎಲ್ಲಿದೆಯೆಂದು ನೋಡಲು ಅವನು ಆ ಯಂತ್ರದಿಂದ ಮೊದಲ ತೂತು ಕೊರೆದ. ನೀರು ಹೊರುವ ಒಂದು ಬಕೆಟ್ಟಿನಗಲ, ಸೊಂಟದಾಳ. ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಕೌನ್ಸಿಲ್ಲಿನವರು ಕೊಟ್ಟ ನಕ್ಷೆಯಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕೇಬಲ್ಲಿನದೆಂದು ಒಂದು ಕೆಂಪು ಗೆರೆ ಇತ್ತು, ಅಷ್ಟೇ.

ಡಿಗ್ಗರ್ ಓಡಿಸುವ ಫರ್ಗಲ್, ಮ್ಯಾಲಕಿಯ ಚಿಕ್ಕಪ್ಪನ ಮಗ, ತನ್ನ ಕ್ಯಾಬಿನಿನಲ್ಲಿ ಕೂತು ಸಾಸೇಜ್ ರೋಲ್ ತಿನ್ನುತ್ತಿದ್ದ.

"ಏನೋ ಮ್ಯಾಲಕಿ, ಓಣಿ ಅಗೀತಿದ್ಯೋ, ನಿಮ್ಮತ್ತೆ ಮನೆ ಕಾರ್ಪೆಟ್ ಗುಡಿಸ್ತಿದ್ಯೋ?"

"ನಮ್ಮತ್ತೆ ಕಾರ್ಪೆಟ್ ಕೆಳಗೆ ಕರೆಂಟಿಲ್ಲ ಕಣೋ," ಎಂದ ಮ್ಯಾಲಕಿ, ತಲೆ ಎತ್ತದೆ.

ಎದುರು ಮನೆಯ ಅಟ್ರಾಕ್ಟಾ ಮುದುಕಿ ಕಿಟಕಿಗೆ ಮೊಣಕೈ ಊರಿದ್ದಳು. "ಹೀಗೇ ಹೋದ್ರೆ ನಾಳೆ ಮಕ್ಕಳು ತೂತು ದಾಟ್ಕೊಂಡು ಕುಂಟೆಬಿಲ್ಲೆ ಆಡ್ಕೊಂಡು ಚರ್ಚಿಗೆ ಹೋಗ್ಬೇಕಾಗುತ್ತೆ ಕಣಮ್ಮ ನೂಲಾ!"

"ನೀವು ಮುಂದೆ ಹಾರಿ ತೋರಿಸ್ಕೊಡಿ ಅಜ್ಜಿ," ಎಂದೆ ನಾನು.

ಮೂರನೆಯ ತೂತಿನಲ್ಲಿ ಕೇಬಲ್ಲು ಸಿಕ್ಕಿತು. ಮ್ಯಾಲಕಿ ಹೊಟ್ಟೆಯ ಮೇಲೆ ಮಲಗಿ, ದಪ್ಪ ಕೈಗವಸು ತೊಟ್ಟ ತೋಳನ್ನು ಭುಜದವರೆಗೆ ಒಳಗಿಳಿಸಿ, ಅದರ ಮೇಲಿನ ಕೆಸರನ್ನು ಮಗುವಿನ ಮೂಗು ಒರೆಸಿದ ಹಾಗೆ ಒರೆಸಿದ. ಅವನ ಕೈ ನಡುಗಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ಅದರ ಅರ್ಥವೇನೆಂದು ಯೋಚಿಸುವ ತಾಳ್ಮೆ ನನಗಿರಲಿಲ್ಲ.

"ಸಿಕ್ತಲ್ಲ, ಸರಿ. ಫರ್ಗಲ್, ಶುರು ಮಾಡು," ಎಂದೆ.

"ತಡಿ," ಎಂದ ಮ್ಯಾಲಕಿ. "ಇನ್ನೊಂದು ತೂತು."

"ನಕ್ಷೆಲಿ ಒಂದೇ ಗೆರೆ ಇರೋದು ಮಾರಾಯ."

"ನಕ್ಷೆ ಬರೆದವನು ಗುಂಡಿಗಿಳಿಯಲ್ಲ."

ಇನ್ನೊಂದು ಕೊರೆದ, ಏನೂ ಇಲ್ಲ. ಬೇಕರಿಯ ಬಾಗಿಲ ಬಳಿ ಮತ್ತೊಂದು ಕೊರೆದ, ಅಲ್ಲೂ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಇತ್ತ ಫರ್ಗಲ್ ಎಂಜಿನ್ನು ಗುರುಗುಟ್ಟಿಸುತ್ತಿದ್ದರೆ ಅತ್ತ ಇವನು ಮತ್ತೊಂದು ಕಡೆ ಸುಣ್ಣದ ಗುರುತು ಹಾಕುತ್ತಿದ್ದ. ಹಿಂದಿನ ಮ್ಯಾಲಕಿಯಾಗಿದ್ದರೆ ಇಷ್ಟು ಹೊತ್ತಿಗೆ ಪೈಪು ಹಾಕಿ ಟೀ ಕುಡಿಯುತ್ತಿದ್ದ. ಬಾಯಿಗೆ ಬರಬಾರದ ಮಾತು ಬಂದೇಬಿಟ್ಟಿತು.

"ಹೆದರಿಕೆ ಆದ್ರೆ ಹೆದರಿಕೆ ಅಂತ ಹೇಳು. ಮನೆಗೆ ಹೋಗಿ ಟಿವಿ ನೋಡ್ಕೊಂಡು ಕೂತ್ಕೋ. ಊರೆಲ್ಲ ತೂತು ಮಾಡಿದ್ರೂ ನಿನ್ನ ಹೆದರಿಕೆ ಸಿಗಲ್ಲ."

ಫರ್ಗಲ್ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನು ನಿಲ್ಲಿಸಿದ. ಅಟ್ರಾಕ್ಟಾ ಕಿಟಕಿಯಿಂದ ತಲೆ ಒಳಗೆಳೆದುಕೊಂಡಳು. ಮ್ಯಾಲಕಿ ಮಾತ್ರ ನನ್ನನ್ನೊಮ್ಮೆ ನೋಡಿ, "ನೀರು ಮುಗೀತು, ತುಂಬಿಸ್ಕೊಂಡು ಬರ್ತೀನಿ," ಎಂದು ಪಿಕಪ್ಪಿನಲ್ಲಿ ಟ್ರೇಲರನ್ನು ಎಳೆದುಕೊಂಡು ಓಣಿಯ ತುದಿಯ ನಲ್ಲಿಯ ಕಡೆಗೆ ಹೋದ.

ಅವನು ಮರೆಯಾದ ಕೂಡಲೇ ನಾನು ಫರ್ಗಲ್‌ಗೆ ಕೈ ಬೀಸಿದೆ.

"ಅವನು ಬರ್ಲಿ ಬಿಡು ಅತ್ತಿಗೆ," ಎಂದ ಅವನು. ಬೆಳಗಿನಿಂದ ಕುಣಿಯುತ್ತಿದ್ದವನು ಈಗ ಹಿಂಜರಿದ.

"ಸಂಬಳ ಕೊಡೋದು ನಾನು. ಅಗೆ."

ಸಿಕ್ಕ ಕೇಬಲ್ಲಿನಿಂದ ದೂರಕ್ಕೆ, ಬೇಕರಿಯ ಕಡೆಯಿಂದ ಅವನು ಅಗೆಯತೊಡಗಿದ. ಬಕೆಟ್ಟು ಬಿಟ್ಟ ಸಡಿಲ ಮಣ್ಣನ್ನು ಎತ್ತಲು ಒಬ್ಬರು ಗುಂಡಿಯೊಳಗೆ ಬೇಕು. ಅದು ಮ್ಯಾಲಕಿಯ ಜಾಗ. ಸಲಿಕೆ ಹಿಡಿದು ನಾನೇ ಇಳಿದೆ. ನೋಡಲಿ, ಇದರಲ್ಲಿ ಏನೂ ಇಲ್ಲವೆಂದು ಅವನ ಕಣ್ಣಿಗೇ ಕಾಣಲಿ ಎಂಬ ಹಟ. ಬಕೆಟ್ಟು ನನ್ನ ಮುಂದೆ ಇಳಿಯುವುದು, ಕಚ್ಚುವುದು, ಏಳುವುದು. ನಾನು ಬಗ್ಗಿ ಮಣ್ಣೆತ್ತುವುದು.

ಬೂಟುಗಳ ಸದ್ದು ಕೇಳಿತು. ತಲೆ ಎತ್ತುವಷ್ಟರಲ್ಲಿ ಮ್ಯಾಲಕಿ ಗುಂಡಿಗೆ ಹಾರಿ, ಇಳಿಯುತ್ತಿದ್ದ ಬಕೆಟ್ಟಿಗೂ ನನಗೂ ನಡುವೆ ನಿಂತಿದ್ದ. ಅದರ ಹಲ್ಲುಗಳು ಅವನ ಹೆಲ್ಮೆಟ್ಟಿನಿಂದ ಒಂದು ಗೇಣು ಮೇಲೆ ನಿಂತವು.

"ಥೂ ನಿನ್ನ!" ಫರ್ಗಲ್‌ನ ದನಿ ಕೀರಲಾಗಿತ್ತು. "ಸಾಯೋಕೆ ಬೇರೆ ಜಾಗ ಸಿಗ್ಲಿಲ್ವೇನೋ ನಿಂಗೆ!" ಎಂಜಿನ್ನು ಆರಿಸಿದ.

ಮ್ಯಾಲಕಿ ಏದುಸಿರು ಬಿಡುತ್ತಿದ್ದ. ಅವನ ಮುಖ ಸುಣ್ಣದ ಹಾಗಾಗಿತ್ತು. ಕೇಬಲ್ಲು ಮುಟ್ಟುವಾಗ ನಡುಗದ ಕೈಗಳು ಈಗ ಗಡಗಡ ನಡುಗುತ್ತಿದ್ದವು.

"ಮೇಲೆ ಹತ್ತು," ಎಂದ. "ನಾನಿಲ್ಲಿ ಇರ್ತೀನಿ. ಅವನು ಎಷ್ಟು ಬೇಕಾದ್ರೂ ಅಗೀಲಿ."

"ಮತ್ತೆ ಬೆಳಗ್ಗಿಂದ ಯಾಕೆ..."

"ಬೆಳಗ್ಗಿಂದ ನೀನು ಆ ಸಲಿಕೆ ಕೈಲಿ ಹಿಡ್ಕೊಂಡೇ ಓಡಾಡ್ತಿದ್ಯಲ್ಲ. ಇಳೀತೀಯ ಅಂತ ನಂಗೆ ಗೊತ್ತಿತ್ತು." ಅವನು ಗುಂಡಿಯ ಗೋಡೆಗೆ ಒರಗಿದ. "ಸುಡೋದು ಅಂದ್ರೆ ಏನು ಅಂತ ನಂಗೆ ಗೊತ್ತು ನೂಲಾ. ಮಂಚದ ಮೇಲೆ ಮಲಗಿರ್ತೀವಿ, ನೋಯುತ್ತೆ, ಒಂದಿನ ಮುಗಿಯುತ್ತೆ. ಇನ್ನೊಂದ್ಸಲ ಬೇಕಾದ್ರೂ ಮಲಗ್ತೀನಿ. ಆದ್ರೆ ಮಂಚದ ಪಕ್ಕದ ಕುರ್ಚಿಲಿ ನೀನು ಕೂತಿರ್ತಿದ್ದೆ. ಕಣ್ಣು ಬಿಟ್ಟಾಗೆಲ್ಲ ನಿನ್ನ ಮುಖ ನೋಡ್ತಿದ್ದೆ. ಆ ಕುರ್ಚಿಲಿ ಕೂರೋಕೆ ನನ್ನಿಂದಾಗಲ್ಲ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಪ್ರೀತಿ ಉಕ್ಕಿತು. ಸಲಿಕೆಯನ್ನು ದಡಕ್ಕೆಸೆದು ಮೇಲೆ ಹತ್ತಿದೆ. ಫರ್ಗಲ್ ಕ್ಯಾಬಿನಿನಿಂದಿಳಿದು ಕೊಳವೆಯ ಒಂದು ತುದಿಯನ್ನು ಹೆಗಲಿಗೆ ಹಾಕಿಕೊಂಡ.

ಉಳಿದ ಗುಂಡಿಯನ್ನೆಲ್ಲ ಬಕೆಟ್ಟು ಮುಟ್ಟದೆ ಆ ಟ್ರೇಲರಿನಲ್ಲೇ ತೆಗೆದೆವು. ಚಿಮ್ಮುಗೋಲು ಮ್ಯಾಲಕಿಯ ಕೈಯಲ್ಲಿ, ಕೊಳವೆ ನನ್ನ ಕೈಯಲ್ಲಿ. ಬೇಕರಿಯವರು ಬಾಗಿಲು ಹಾಕಿಕೊಂಡು ಹೋದರು, ಅಟ್ರಾಕ್ಟಾ ಮೂರು ಸಲ ಟೀ ತಂದುಕೊಟ್ಟಳು. ಗೇಣುಗೇಣಾಗಿ ಮಣ್ಣು ಹೋಗುತ್ತಿದ್ದಂತೆ ನಾನೂ ಬಗ್ಗಿ ಬಗ್ಗಿ ನೋಡಿದೆ. ಬರೀ ಜೇಡಿ, ಬರೀ ಕಲ್ಲು. ಕೊನೆಯವರೆಗೂ ಅಲ್ಲಿ ಬೇರೆ ಯಾವ ಕೇಬಲ್ಲೂ ಇರಲಿಲ್ಲ. ಪೈಪು ಹಾಕಿ ಮುಚ್ಚಲು ಇನ್ನೂ ಇಡೀ ರಾತ್ರಿ ನಮ್ಮ ಮುಂದಿತ್ತು. ಇಲ್ಲವೆಂದು ಖಾತ್ರಿಯಾದಾಗ, ಅವನು ಬೆಳಗಿನಿಂದ ಹುಡುಕಿದ್ದು ಈ ಖಾತ್ರಿಯನ್ನೇ, ಅದೂ ನನಗಾಗಿ ಎಂದು ಹೊಳೆದು, ನಾನು ಓಣಿಯ ನಡುವೆ ಕೂತು ಜೋರಾಗಿ ಅತ್ತುಬಿಟ್ಟೆ.