ಏಳು ಭಾಷೆಯಲ್ಲಿ ದಾಸೋಹ

ಒಂಬತ್ತು ದಿನದಿಂದ ಮುದ್ದೆ ಉಳಿಯುತ್ತಿತ್ತು. ಮೊದಲ ದಿನ ಏಳು, ಮರುದಿನ ಹನ್ನೊಂದು. ಈಗ ಹಿಂದಿನ ಮನೆಯವರ ಎಮ್ಮೆಯೂ ಮೂಸಿ ನೋಡಿ ಮುಖ ತಿರುಗಿಸುವಷ್ಟು.

ಚಿಕ್ಕಜಾಜೂರಿನ ಸ್ಟೇಷನ್ನಿನಿಂದ ಹೊರಬಂದು ಎಡಕ್ಕೆ ತಿರುಗಿದರೆ ಸಿಗುವ ತಗಡಿನ ಚಾವಣಿಯ ದಾಸೋಹದ ಮನೆಯಲ್ಲಿ ಶಿವಗಂಗಮ್ಮ ಹದಿನಾರು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ರೈಲು ಬದಲಿಸುವವರು, ಹಳಿ ಕೆಲಸದವರು, ಹೊಸದುರ್ಗದ ಕಡೆಗೆ ಹೋಗುವ ಬಳೆಯವರು, ಯಾರು ಬಂದರೂ ಮಧ್ಯಾಹ್ನದ ಪಂಕ್ತಿಯಲ್ಲಿ ಎಲೆ ಬೀಳುತ್ತಿತ್ತು. ಮುದ್ದೆ ಸಾಲದೆ ಮತ್ತೊಂದು ಎಸರಿಟ್ಟದ್ದುಂಟು. ಉಳಿದದ್ದಿಲ್ಲ.

ಆ ಮನೆಗೆ ಒಂದು ಕಟ್ಟಳೆ ಇತ್ತು. ಉಣ್ಣಲು ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ, ಕೈಯಲ್ಲಿ ಏನಿದೆ ಎಂದು ಯಾರೂ ಅವರನ್ನು ಕೇಳುತ್ತಲೂ ಇರಲಿಲ್ಲ. ಒಬ್ಬರು ಹಿಡಿ ಅಕ್ಕಿ, ಒಬ್ಬರು ಒಂದು ಕಟ್ಟು ಸೊಪ್ಪು, ಒಬ್ಬರು ದಾರಿಯಲ್ಲಿ ಆಯ್ದ ನಾಲ್ಕು ಪುಳ್ಳೆ ಕಟ್ಟಿಗೆ. ಏನೂ ಇಲ್ಲದವರು ಅವರೆಕಾಯಿ ಸುಲಿದೋ ನೀರು ತುಂಬಿಯೋ ಪಂಕ್ತಿಗೆ ಕೂರುತ್ತಿದ್ದರು. ಬಡಿಸುವವರು ಮೊದಲು ಎಲೆಯ ಮುಂದೆ ಬಾಗಿ ಕೈಮುಗಿಯಬೇಕು, ಕೊನೆಗೆ ತಾವು ಉಣ್ಣಬೇಕು. ದಾಸೋಹ ಸಮಿತಿಯ ಕಾರ್ಯದರ್ಶಿ ನಾಗರಾಜಪ್ಪ, ಹೊಳಲ್ಕೆರೆಯಲ್ಲಿ ಮೆಕ್ಕೆಜೋಳದ ದೊಡ್ಡ ವ್ಯಾಪಾರಿ, ಬಂದಾಗಲೆಲ್ಲ ಒಂದು ಮೂಟೆ ಅಕ್ಕಿಯೋ ಬೇಳೆಯೋ ಇಳಿಸಿ, ಬಿಹಾರದ ಕೂಲಿಯವರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಸಾರು ಸೊರ್ರೆಂದು ಕುಡಿಯುತ್ತಿದ್ದರು.

ಶಿವಗಂಗಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಕಲಿತದ್ದೆಲ್ಲ ಕಿವಿಯಿಂದ. ತವರೂರು ತಾಳ್ಯದಲ್ಲಿ ಅವಳ ಅಪ್ಪ ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ ವಚನ ಹೇಳುತ್ತಿದ್ದರು. ಅವಳು ಕಸ ಗುಡಿಸುತ್ತ, ಹಾಲು ಕಾಯಿಸುತ್ತ ಕೇಳುತ್ತಿದ್ದಳು. ಅರ್ಥ ಹೇಳೆಂದರೆ ಹೇಳುತ್ತಿರಲಿಲ್ಲ ಅಪ್ಪ. ‘ಮಾಡು, ತಿಳೀತೈತೆ’ ಎನ್ನುತ್ತಿದ್ದರು.

ಆ ದಿನ ಹೊತ್ತು ನೆತ್ತಿಗೆ ಬಂದರೂ ಪಂಕ್ತಿಯಲ್ಲಿ ಎಂಟೇ ಎಲೆ. ಅವಳು ಸೌಟು ಕೆಳಗಿಟ್ಟು ಸ್ಟೇಷನ್ನಿಗೆ ನಡೆದಳು. ಪ್ಲಾಟ್‌ಫಾರ್ಮಿನ ನಲ್ಲಿಯ ಬಳಿ ಎರ್ರಿಸ್ವಾಮಿ ನೀರು ಕುಡಿಯುತ್ತಿದ್ದ. ಆಂಧ್ರದ ಗಡಿಯವನು. ಸವೆದ ಗ್ರೈಂಡರ್ ಕಲ್ಲನ್ನು ಉಳಿಯಿಂದ ಕೊರೆದು ಮತ್ತೆ ಒರಟು ಮಾಡಿಕೊಡುವುದು ಅವನ ಕಸುಬು. ಹಿರಿಯೂರಿನಿಂದ ಇಲ್ಲಿಯವರೆಗೆ ಹದಿನೈದು ದಿನಕ್ಕೊಂದು ಸುತ್ತು. ಬಂದಾಗಲೆಲ್ಲ ದಾಸೋಹದ ಕಲ್ಲಿಗೆ ಉಳಿ ಹಾಕದೆ ಅವನು ಎಲೆಯ ಮುಂದೆ ಕೂತವನಲ್ಲ.

“ಏನಪ್ಪ, ನಮ್ಮ ಮನಿ ದಾರಿ ಮರೆತ್ಯಾ?” ಎಂದಳು.

“ಇಲ್ಲವ್ವ. ಕೆಲಸ ಜಾಸ್ತಿ.”

“ನೀರು ಕುಡಿಯೋ ಕೆಲಸವಾ?”

ಅವನು ಬಾಯಿ ಒರೆಸಿಕೊಂಡ.

“ಉಂಡ್ಯಾ?”

“ಆಯ್ತವ್ವ.”

“ಸುಳ್ಳು ಹೇಳಬ್ಯಾಡ. ಹದಿನಾರು ವರ್ಷ ಹೊಟ್ಟೆ ನೋಡಿದೋಳು ನಾನು.”

ಎರ್ರಿಸ್ವಾಮಿ ಚೀಲ ಹೆಗಲಿಗೇರಿಸಿದ. ಆಮೇಲೆ ತಿರುಗಿ, ಅವಳ ಮುಖ ನೋಡದೆ, ಹಳಿಯ ಕಡೆ ನೋಡುತ್ತ ಹೇಳಿದ: “ನಾನು ಬಡವನೇ ಅವ್ವ. ಇಲ್ಲ ಅನ್ನಲ್ಲ. ಆದ್ರೆ ಅದನ್ನ ಬಾಗಿಲ ಮ್ಯಾಲೆ ಬರೆದು, ಅದರ ಕೆಳಗೆ ತಲೆ ಬಗ್ಗಿಸಿ ಒಳಗೆ ಬಾ ಅಂದ್ರೆ ಬರಲ್ಲ.”

“ಯಾವ ಬಾಗಿಲು? ಯಾರು ಬರೆದ್ರು?”

“ನೀವೇ ಕುಂಕುಮ ಹಚ್ಚಿದ್ರಂತಲ್ಲ, ಆ ಬೋರ್ಡು.”

ಬೋರ್ಡು ಬಂದು ಒಂಬತ್ತು ದಿನವಾಗಿತ್ತು. ನೀಲಿ ತಗಡು, ಬಿಳಿ ಅಕ್ಷರ, ಏಳು ಸಾಲು. ಜಂಕ್ಷನ್ನಿಗೆ ಎಲ್ಲ ದೇಶದ ಜನ ಬರುತ್ತಾರೆ, ಏಳು ಭಾಷೆಯಲ್ಲಿ ಇರಲಿ ಎಂದು ನಾಗರಾಜಪ್ಪನವರೇ ಮಾಡಿಸಿ ತಂದಿದ್ದರು. ಚಿತ್ರದುರ್ಗದಲ್ಲಿ ಬಿ.ಕಾಂ. ಓದುತ್ತಿದ್ದ ಅವರ ಮಗಳು ಬಿಂದು ಮೊದಲ ಸಾಲು ಓದಿ ಹೇಳಿದ್ದಳು: ದಾಸೋಹ. ‘ಉಳಿದ ಆರೂ ಅದೇ ಅಮ್ಮ, ಭಾಷೆ ಬೇರೆ ಅಷ್ಟೆ’ ಎಂದಿದ್ದಳು. ಶಿವಗಂಗಮ್ಮ ಏಳೂ ಸಾಲಿಗೆ ವಿಭೂತಿ ಕುಂಕುಮ ಹಚ್ಚಿ, ಮಲ್ಲಿಗೆ ಹಾಕಿ, ಕೈಮುಗಿದಿದ್ದಳು.

“ನಡಿ. ಓದಿ ಹೇಳು,” ಎಂದಳು ಈಗ.

“ಬ್ಯಾಡವ್ವ.”

“ನಡಿ ಅಂದೆ!”

ಅವಳ ದನಿ ಅಷ್ಟು ಜೋರಾಗಿ ಏಳುವುದನ್ನು ಅವನು ಕೇಳಿರಲಿಲ್ಲ. ಅವಳ ಹಿಂದೆ ನಡೆದು ಬಂದು, ಬೋರ್ಡಿನ ಮುಂದೆ ನಿಂತು ನಾಲ್ಕನೆಯ ಸಾಲಿಗೆ ಬೆರಳು ತೋರಿಸಿ ಓದಿದ: “ಪೇದಲಕು ಉಚಿತ ಭೋಜನಂ. ಬಡವರಿಗೆ ಬಿಟ್ಟಿ ಊಟ.”

ಶಿವಗಂಗಮ್ಮನ ಕಿವಿ ಬಿಸಿಯಾಯಿತು. ದಾರಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕೂಗಿ ನಿಲ್ಲಿಸಿದಳು. ಸೈಕಲ್ ಶಾಪಿನ ಸಾಬರು ಕನ್ನಡಕ ಏರಿಸಿ ಉರ್ದು ಸಾಲು ಓದಿದರು. “ಖೈರಾತಿ ಖಾನಾ ಅಂತ ಬರೆದಾರೆ ತಾಯಿ. ಧರ್ಮಕ್ಕೆ ಕೊಡೋ ಊಟ ಅಂದಂಗೆ. ನಮ್ಮ ಹುಡುಗ್ರು ಅದಕ್ಕೇ ನಗಾಡ್ತಿದ್ರು.” ಸೀರೆ ಮಾರುವ ತಮಿಳಿನವನು ತನ್ನ ಸಾಲು ಓದಿ, ಏಳೈ ಅಂದರೆ ಗತಿಯಿಲ್ಲದವನು ಎಂದು ಕೈ ಚಾಚಿ ಬೇಡುವಂತೆ ಮಾಡಿ ತೋರಿಸಿದ. ಹಳಿ ಕೆಲಸದ ಮೇಸ್ತ್ರಿ ಹಿಂದಿ ಸಾಲನ್ನು ಓದಲೇ ಇಲ್ಲ. “ಗರೀಬ್ ಲಿಖಾ ಹೈ ಮಾಂಜೀ,” ಎಂದವನೇ ತಲೆ ತಗ್ಗಿಸಿ ಹೋದ. ಇಂಗ್ಲಿಷು, ಮರಾಠಿ ಸಾಲುಗಳನ್ನು ಟಿಕೆಟ್ ಕೌಂಟರಿನ ಹುಡುಗಿ ಓದಿದಳು. ಅಲ್ಲೂ ಬಡವ, ಅಲ್ಲೂ ಬಿಟ್ಟಿ.

ಹದಿನಾರು ವರ್ಷ ನಾನು ಬಾಗಿ ಕೈಮುಗಿದವರನ್ನೆಲ್ಲ ಒಂಬತ್ತು ದಿನದಿಂದ ಭಿಕ್ಷುಕರೇ ಎಂದು ಕೂಗಿ ಕರೆದಿದ್ದೇನೆ. ಆರು ಭಾಷೆಯಲ್ಲಿ ಕರೆದಿದ್ದೇನೆ. ಕರೆದ ಬಾಯಿಗೆ ಕುಂಕುಮ ಹಚ್ಚಿದ್ದೇನೆ. ಅವಳಿಗೆ ಮೈಯೆಲ್ಲ ಉರಿಯಿತು.

ನಾಗರಾಜಪ್ಪ ಮೂಟೆ ಇಳಿಸಲು ಬಂದದ್ದೂ ಆಗಲೇ. ಕಾರಿನಿಂದ ಬಿಂದುವೂ ಇಳಿದಳು.

“ಏನ್ರೀ ಇದು?” ಎಂದಳು ಶಿವಗಂಗಮ್ಮ. ನಮಸ್ಕಾರವಿಲ್ಲ, ಬರ್ರಿ ಎಂಬ ಮಾತಿಲ್ಲ.

“ಏನಾತು ಶಿವಗಂಗಮ್ಮ?”

“ದಾಸೋಹ ಅಂದ್ರೆ ಬಡವರಿಗೆ ಬಿಟ್ಟಿ ಊಟ ಅಂತ ನಿಮಗ್ಯಾರು ಹೇಳಿದ್ರು?”

ನಾಗರಾಜಪ್ಪ ನಕ್ಕರು. “ಓ, ಅದಾ? ಬೇರೆ ಭಾಷೇಲಿ ಆ ಮಾತು ಇಲ್ಲಮ್ಮ. ಮೊಬೈಲಿಗೆ ಹಾಕಿದ್ರೆ ಏನೇನೋ ಬಂತು. ಜನಕ್ಕೆ ತಿಳಿದ್ರೆ ಸಾಕಲ್ವಾ?”

ಬಿಂದು ನೆಲ ನೋಡುತ್ತ ಹೇಳಿದಳು: “ಮೊಬೈಲಿಗೆ ಸರಿಯಾಗಿ ಸಿಗಲಿಲ್ಲಮ್ಮ. ಆಮೇಲೆ ಅಪ್ಪಾಜಿನ ಕೇಳಿದೆ, ದಾಸೋಹ ಅಂದ್ರೆ ಬಿಡಿಸಿ ಹೇಳಿ ಅಂತ. ಬಡವರಿಗೆ ಬಿಟ್ಟಿ ಊಟ ಅಂತ ಹಾಕು ಅಂದ್ರು. ಅದನ್ನೇ ಕಾಲೇಜಿನ ಫ್ರೆಂಡ್ಸಿಗೆ ಕಳಿಸಿದೆ. ಅವರು ಅವರವರ ಭಾಷೇಲಿ ಬರೆದುಕೊಟ್ರು.”

ಶಿವಗಂಗಮ್ಮ ಮತ್ತೆ ಬೋರ್ಡಿನ ಸಾಲುಗಳನ್ನು ನೋಡಿದಳು. ಹಾಗಾದರೆ ತೆಲುಗಿನವರದು ತಪ್ಪಲ್ಲ. ತಮಿಳಿನವರದಲ್ಲ, ಹಿಂದಿಯವರದಲ್ಲ. ಅವರು ಕೊಟ್ಟದ್ದನ್ನು ಕೊಟ್ಟ ಹಾಗೆ ಬರೆದಿದ್ದರು. ಮಾತು ಕೆಟ್ಟದ್ದು ಇಲ್ಲೇ. ಇದೇ ಪಂಕ್ತಿಯಲ್ಲಿ ಉಂಡ ಬಾಯಲ್ಲಿ, ಕನ್ನಡದಲ್ಲೇ.

“ನಾಗರಾಜಪ್ಪನೋರೆ, ಒಂದು ಕೇಳ್ತೀನಿ. ನೀವು ಪಂಕ್ತಿಗೆ ಕೂತು ಎಷ್ಟು ದಿನ ಆತು?”

“ಯಾಕಮ್ಮ?”

“ಹೇಳ್ರಿ.”

“ಮೊನ್ನೆ ಬಂದಾಗ ಕೂರಲಿಲ್ಲ. ಅದರ ಹಿಂದಿನ ಸಲಾನೂ...” ಅವರು ಬೋರ್ಡಿನ ಕಡೆ ಕೈ ಮಾಡಿದರು. “ಬಡವರಿಗೆ ಅಂತ ಬರೆಸಿದ ಮ್ಯಾಲೆ ನಾನು ಹೋಗಿ ಕುಂತ್ರೆ ಚೆಂದ ಇರಲ್ಲ ಅಂತ...”

ಹೇಳಿದ ಮೇಲೆ ತಾವು ಹೇಳಿದ್ದೇನು ಎಂಬುದು ಅವರಿಗೂ ಕೇಳಿಸಿತು. ಆದರೂ ಬಿಟ್ಟುಕೊಡಲಿಲ್ಲ. “ಅನ್ನದಾನ ಅಂತ ಬರೆಸಾಣ ಬಿಡು. ಅದು ಎಲ್ಲ ಭಾಷೇಲೂ ಐತೆ.”

“ದಾನ ಅಂದ್ರೆ ಒಂದು ಕೈ ಮ್ಯಾಲಿರ್ತೈತೆ, ಒಂದು ಕೈ ಕೆಳಗಿರ್ತೈತೆ. ನಮ್ಮನ್ಯಾಗೆ ಯಾರ ಕೈ ಮ್ಯಾಲೈತ್ರಿ? ನಿಮ್ಮ ಮೂಟೇನಾ? ಈ ಎರ್ರಿಸ್ವಾಮಿ ಉಳಿ ಹಾಕದೆ ಹೋದ್ರೆ ನಿಮ್ಮ ಮೂಟೆ ರುಬ್ಬೋದು ಎಲ್ಲಿ?”

“ಪ್ರಸಾದ ಅಂತ ಬರೆದ್ರೆ?” ಬಿಂದು ಮೆಲ್ಲಗೆ ಕೇಳಿದಳು.

“ಪ್ರಸಾದ ದೇವರಿಂದ ಬರೋದವ್ವ. ಇದು ದೇವರಿಗೆ ಹೋಗೋದು. ಎಲೆ ಮುಂದೆ ಕುಂತಾನಲ್ಲ, ಅವನೇ ದೇವರು. ಇಲ್ಲಾಂದ್ರೆ ನಾನ್ಯಾಕೆ ಸೊಂಟ ಹೋದ್ರೂ ಬಗ್ತೀನಿ?”

ಬಿಂದು ಮೊಬೈಲಿನಲ್ಲಿ ಏನೋ ನೋಡಿದಳು. “ಪಂಜಾಬಿನ ಕಡೆ ಲಂಗರ್ ಅಂತಾರಂತೆ. ಎಲ್ಲಾರೂ ಒಂದೇ ಸಾಲು. ಉಂಡೋರೇ ಪಾತ್ರೆ ತೊಳೀತಾರಂತೆ.”

“ಹಂಗಾರೆ ಅವರಿಗೆ ಗೊತ್ತೈತೆ. ನಿಮ್ಮಪ್ಪನಿಗೆ ಗೊತ್ತಿಲ್ಲ.”

“ಲೇ, ಮಾತು ಜಾಸ್ತಿ ಆತು!” ನಾಗರಾಜಪ್ಪ ಸಿಡುಕಿದರು. “ಅಡುಗೆ ಮಾಡೋರು ನೀನೊಬ್ಬಳೇ ಅಲ್ಲ. ದಿನಕ್ಕೆ ನೂರು ಜನ ಸಿಗ್ತಾರೆ. ಈ ಬೋರ್ಡಿಗೆ ಸಮಿತಿಯೋರೆಲ್ಲ ಒಪ್ಪಿದಾರೆ. ಮುಟ್ಟಿದ್ರೆ ನೋಡು.”

“ನೋಡ್ರಿ ಹಂಗಾದ್ರೆ.”

ಅವಳು ಒಳಗೆ ಹೋದಳು. ಅಡುಗೆಮನೆಯ ಗೋಡೆಗೆಂದು ಕಲಸಿಟ್ಟಿದ್ದ ಸುಣ್ಣದ ಬಕೆಟ್ಟು ತಂದಳು, ಸ್ಟೂಲು ಹಾಕಿ ಹತ್ತಿದಳು. ಅವಳಿಗೆ ಅರವತ್ತೆರಡು ವರ್ಷ. ಎರಡನೆಯ ಸಾಲಿನಿಂದ ಏಳನೆಯ ಸಾಲಿನವರೆಗೆ ಬ್ರಷ್ಷಿನಲ್ಲಿ ಎಳೆದಳು, ಮತ್ತೆ ಎಳೆದಳು. ಸುಣ್ಣ ಅವಳ ತೋಳಿನ ಮೇಲೆ, ಸೆರಗಿನ ಮೇಲೆ, ತಾನೇ ಹಚ್ಚಿದ್ದ ಕುಂಕುಮದ ಮೇಲೆ ಇಳಿಯಿತು. ಕೆಳಗೆ ನಾಗರಾಜಪ್ಪ ಯಾರಿಗೋ ಫೋನು ಮಾಡುತ್ತ ಕಾರಿನ ಕಡೆ ಹೋದರು. ಬಿಂದು ಹೋಗಲಿಲ್ಲ. ಸ್ಟೂಲಿನ ಕಾಲು ಅಲುಗಾಡದಂತೆ ಹಿಡಿದುಕೊಂಡಳು.

ಇಳಿದು ಶಿವಗಂಗಮ್ಮ ಎರ್ರಿಸ್ವಾಮಿಯ ಕಡೆ ತಿರುಗಿದಳು. “ಹೋತು. ಬಾ ಒಳಗೆ.”

“ಬೋರ್ಡು ಹೋತವ್ವ. ಓದಿದ್ದು ಹೋಗಲ್ಲ.”

ಆದರೂ ಅವನು ಒಳಗೆ ಬಂದ. ಗ್ರೈಂಡರ್ ಕಲ್ಲನ್ನು ಹೊರಳಿಸಿ ಉಳಿ ಸುತ್ತಿಗೆ ತೆಗೆದ. ಅರ್ಧ ಗಂಟೆ ಕಲ್ಲಿನ ಪುಡಿ ಹಾರಿತು. ಮುಗಿದ ಮೇಲೆ ಕಲ್ಲು ತೊಳೆದು, ಮೆಟ್ಟಿಲ ಮೇಲೆ ಕೂತು, ಚೀಲದಿಂದ ಪೇಪರಿನಲ್ಲಿ ಸುತ್ತಿದ ಒಂದು ಜೋಳದ ರೊಟ್ಟಿ ತೆಗೆದ. ಅವಳು ಎಲೆ ಹಾಕಿ ಕಾಯುತ್ತಿದ್ದಳು.

“ಇಲ್ಲಿ ಬಂದು ಕೂರು.”

“ನಂದು ಐತವ್ವ.”

“ಕೆಲಸ ಮಾಡಿ ಉಣ್ಣದೆ ಹೋದ್ರೆ ಅದು ಕೂಲಿ ಆಗ್ತೈತೆ. ಕೂಲಿ ಕೊಡಾಕೆ ನನ್ನತ್ರ ಏನೂ ಇಲ್ಲ. ಕಲ್ಲು ಮೊದ್ಲು ಹೆಂಗಿತ್ತೋ ಹಂಗೇ ಸವೆಸಿಕೊಟ್ಟು ಹೋಗು!”

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವಳು ನಿಜವಾಗಿಯೂ ಸಿಟ್ಟಿನಲ್ಲಿದ್ದಳು. ನಾಗರಾಜಪ್ಪನ ಮೇಲೆ, ಬೋರ್ಡಿನ ಮೇಲೆ, ಓದಲು ಬಾರದ ತನ್ನ ಕಣ್ಣಿನ ಮೇಲೆ, ಈಗ ಇವನ ಮೇಲೂ. ಬೆಳಗಿನಿಂದ ಅವಳ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಎರ್ರಿಸ್ವಾಮಿ ರೊಟ್ಟಿಯನ್ನು ಮುರಿದ. ಅರ್ಧವನ್ನು ಅವಳ ಕಡೆ ಚಾಚಿದ. “ಮೊದಲು ನೀವು ತಿನ್ನಿ.”

ಬಡಿಸುವವರು ಕೊನೆಗೆ ಎನ್ನಬೇಕೆಂದಿದ್ದವಳು ಕೈ ಮುಂದೆ ಮಾಡಿದಳು. ಹದಿನಾರು ವರ್ಷದಲ್ಲಿ ಈ ಮನೆಯಲ್ಲಿ ಅವಳು ಯಾರ ಮುಂದೆಯೂ ಕೈ ಒಡ್ಡಿರಲಿಲ್ಲ. ಒಡ್ಡುವಾಗ ಮುಖ ಕೆಂಪಾಯಿತು. ಬಿಂದು ನೋಡುತ್ತಿದ್ದಾಳೆ ಎನಿಸಿ ಕೈ ಹಿಂದೆಳೆದುಕೊಳ್ಳಬೇಕು ಎನಿಸಿತು. ಇಷ್ಟು ಕಷ್ಟವೇ ಇದು? ಬೋರ್ಡು ಇಲ್ಲದೆಯೇ ಇಷ್ಟು ಕಷ್ಟವಾದರೆ, ಅದರ ಕೆಳಗೆ ಹಾದು ಬಂದ ಆ ಎಂಟು ಜನ ಹೇಗೆ ಬಂದರು? ಎಷ್ಟು ಹಸಿದಿದ್ದರು?

ರೊಟ್ಟಿ ತಣ್ಣಗಾಗಿತ್ತು, ಗಟ್ಟಿಯಾಗಿತ್ತು. ಅವಳು ನಿಂತೇ ಅಗಿದು ನುಂಗಿದಳು. ಎರ್ರಿಸ್ವಾಮಿ ಎದ್ದು ಕಾಲು ತೊಳೆದು ಎಲೆಯ ಮುಂದೆ ಕೂತ. ಅವಳು ಬಾಗಿದಳು, ಮುದ್ದೆ ಇಟ್ಟಳು, ಸಾರು ಬಿಟ್ಟಳು.

ಅಷ್ಟರಲ್ಲಿ ಬಿಂದುವಿನ ಕೈಯಲ್ಲಿ ಮೊಬೈಲು ಬಡಿದುಕೊಂಡಿತು. ಅವಳು ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದಳು.

“ಅಪ್ಪಾಜಿ. ನಾಳೆನೇ ಹೊಸ ಬೋರ್ಡು ಹಾಕಿಸ್ತಾರಂತೆ. ಇನ್ನೂ ದೊಡ್ಡದು.” ಅವಳ ದನಿ ಸಣ್ಣಗಾಯಿತು. “ಏನು ಹೇಳಲಿ ಅಮ್ಮ?”

“ನೀನೇನೂ ಹೇಳಬ್ಯಾಡ. ನೀನು ಪ್ಲಾಟ್‌ಫಾರ್ಮಿಗೆ ಹೋಗಿ ಆ ಮೇಸ್ತ್ರಿ ಕಡೆಯೋರನ್ನ ಕರಕಂಬಾ. ಹಿಂದಿ ಬರ್ತೈತಲ್ಲ? ಬೋರ್ಡು ಬರೆಸಿದೋರ ಮಗಳು ನಾನೇ ಅಂತ ಹೇಳಿ ಕರಿ. ಬಯ್ದರೆ ಬಯ್ಯಿಸ್ಕೋ.”

ಸುಣ್ಣ ಹತ್ತಿದ ಸೆರಗಿಗೆ ಒರೆಸಿದ ಕೈಯನ್ನು ಅವಳು ಮುಂದೆ ಚಾಚಿದಳು.

“ಫೋನು ಇಲ್ಲಿ ಕೊಡು. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ.”